ಶಿರಸಿಯಲ್ಲಿದ್ದೇ ಒಬ್ಬರೇ ವಿಡಿಯೋ ಗೇಮ್ ಮಾಡೋಕಾಗುತ್ತಾ? ಮೊದಲು ಏನು ಕಲಿಯಬೇಕು?

ಖಂಡಿತ ಆಗುತ್ತೆ. ಗೊಡಾಟ್ ಎಂಜಿನ್‌ನಿಂದ ಶುರು ಮಾಡಿ. ಅದು ಆಟ ತಯಾರಿಸುವ ಉಚಿತ, ಮುಕ್ತ ತಂತ್ರಾಂಶ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಇದು ಸಣ್ಣ ಅನುಕೂಲವಲ್ಲ.

ಮೊದಲ ಆಟ ಒಂದೇ ಪರದೆಯದ್ದಾಗಿರಲಿ. ಉದಾಹರಣೆಗೆ, ಅಂಗಳದಲ್ಲಿ ಅಡಿಕೆ ಒಣಗಿದೆ, ಮೋಡ ಕವಿಯುತ್ತಿದೆ, ಮಳೆ ಬೀಳುವ ಮೊದಲು ಎಲ್ಲ ಎತ್ತಿಡಬೇಕು. ಇಷ್ಟರಲ್ಲೇ ಪಾತ್ರದ ಚಲನೆ, ಎರಡು ವಸ್ತು ತಾಗಿದ್ದನ್ನು ಗುರುತಿಸುವುದು, ಟೈಮರ್, ಸ್ಕೋರ್ ಎಲ್ಲ ಕಲಿಯುತ್ತೀರಿ. ಚಿತ್ರಗಳ ಬದಲು ಸುಮ್ನೆ ಬಣ್ಣದ ಚೌಕಗಳನ್ನಿಡಿ. ಆಡೋಕೆ ಮಜಾ ಬಂದ ಮೇಲೆ ಕ್ರಿಟಾ ಎಂಬ ತಂತ್ರಾಂಶದಲ್ಲಿ ಚಿತ್ರ ಬರೆಯಿರಿ. ಮಳೆಯ ಸದ್ದನ್ನು ಮೊಬೈಲ್‌ನಲ್ಲೇ ರೆಕಾರ್ಡ್ ಮಾಡಿ, ಆಡಾಸಿಟಿ ಎಂಬ ತಂತ್ರಾಂಶದಲ್ಲಿ ಕತ್ತರಿಸಿಕೊಳ್ಳಿ.

ಆಟದೊಳಗೆ ಕನ್ನಡ ಬೇಕು ಅಲ್ವಾ? 2023ರಲ್ಲಿ ಬಂದ ಗೊಡಾಟ್ 4ರಿಂದ ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆ. ನೋಟೋ ಸಾನ್ಸ್ ಕನ್ನಡದಂಥ ಫಾಂಟ್ ಸೇರಿಸಿದರೆ ಸಾಕು. ಕನ್ನಡದಲ್ಲಿ ಆಟಗಳು ತೀರಾ ಕಡಿಮೆ, ದಯವಿಟ್ಟು ಇದನ್ನು ಬಿಡಬೇಡಿ.

ಆಟ ಬಿಡುಗಡೆ ಮಾಡೋಕೆ ಮೊದಲಿಗೆ ಇಚ್ ಡಾಟ್ ಐಓ ಎಂಬ ಜಾಲತಾಣ ನೋಡಿ, ಅಲ್ಲಿ ಆಟ ಹಾಕೋಕೆ ಶುಲ್ಕವಿಲ್ಲ. ಗೂಗಲ್ ಪ್ಲೇಗೆ ಒಂದು ಸಲ 25 ಡಾಲರ್, ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ಗೆ ಪ್ರತಿ ಆಟಕ್ಕೆ 100 ಡಾಲರ್. ಇದರಿಂದಲೇ ಜೀವನ ನಡೆಯುತ್ತದೆಯೇ ಎಂದರೆ, ಸದ್ಯಕ್ಕೆ ಕೈಯಲ್ಲಿರುವ ಕೆಲಸ ಬಿಡಬೇಡಿ.