ಭಾಷಣಕ್ಕೆ ಐದು ನಿಮಿಷ, ಮದ್ದಳೆಗೆ ಅರ್ಧ ಗಂಟೆ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ್ದು: ಕಾಲೇಜಿಗೆ, ವಿಶ್ವವಿದ್ಯಾಲಯಕ್ಕೆ ಕಲಾವಿದರನ್ನು ಕರೆಸುವುದು. ಉಡುಪಿಯ ಕಡೆಯ ಒಂದು ಕಾಲೇಜಿನಲ್ಲಿ ನಾನು 26 ವರ್ಷ ಪಾಠ ಮಾಡಿದವಳು. ಅದರಲ್ಲಿ 18 ವರ್ಷ ಲಲಿತಕಲಾ ಸಂಘದ ಹೊಣೆಯೂ ನನ್ನ ಮೇಲಿತ್ತು. ಹಾಗಾಗಿ ಈ ಪುಟ ಪೂರ್ತಿ ಇದಕ್ಕೇ.

ಪ್ರಶ್ನೆ: ನಮ್ಮ ವಿಭಾಗದಲ್ಲಿ ಯಕ್ಷಗಾನ ಹಿಮ್ಮೇಳದ (ಹಾಡುವ ಭಾಗವತರು, ಚೆಂಡೆ, ಮದ್ದಳೆ) ಪ್ರಾತ್ಯಕ್ಷಿಕೆ ಇಟ್ಟಿದ್ದರು. ಎರಡು ಗಂಟೆಯ ಕಾರ್ಯಕ್ರಮ. ಸ್ವಾಗತ, ಹಾರ, ಭಾಷಣದಲ್ಲೇ ಒಂದೂಕಾಲು ಗಂಟೆ ಹೋಯಿತು. ಮುಂದಿನ ತಿಂಗಳು ವೀಣೆ ಕಲಾವಿದೆಯೊಬ್ಬರು ಬರುತ್ತಾರೆ, ವಿದ್ಯಾರ್ಥಿ ಸಮಿತಿಯಲ್ಲಿ ನಾನಿದ್ದೇನೆ. ಈ ಸಲ ಹಾಗಾಗಬಾರದು. ಏನು ಮಾಡಲಿ?
– ಎಂ.ಎ. ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಮಗಳೇ, ನಿನ್ನ ಪತ್ರ ಓದಿ ನನ್ನದೇ ಒಂದು ತಪ್ಪು ನೆನಪಾಯಿತು. ಅದನ್ನೇ ಮೊದಲು ಹೇಳುತ್ತೇನೆ.

ಆಗಸ್ಟ್ ತಿಂಗಳು, ಹೊರಗೆ ಜಡಿಮಳೆ. ಕುಂದಾಪುರದ ಕಡೆಯಿಂದ ಹಿರಿಯ ಮದ್ದಳೆಗಾರರೊಬ್ಬರು ಬಸ್ಸಿನಲ್ಲಿ ಬಂದಿಳಿದರು. ಮದ್ದಳೆಗೆ ಎರಡು ಪದರ ಬಟ್ಟೆ ಸುತ್ತಿದ್ದರು, ಅವರ ಮೈಯೇ ಅರ್ಧ ಒದ್ದೆ. "ಒಂದರ್ಧ ಗಂಟೆ ವೇದಿಕೆಯಲ್ಲಿ ಕೂರಲಾ?" ಎಂದು ಕೇಳಿದರು. ನಾನು "ಸಭೆ ಮುಗೀಲಿ, ಆಮೇಲೆ ಕರೀತೇನೆ" ಎಂದು ಸ್ಟಾಫ್ ರೂಮಿನಲ್ಲಿ ಕೂರಿಸಿದೆ. ಏಳು ಜನ ಮಾತಾಡಿದರು. ಕೊನೆಗೆ ಅವರು ವೇದಿಕೆಗೆ ಬಂದು ನುಡಿಸಿದಾಗ ಮದ್ದಳೆ ಶ್ರುತಿಗೆ ಕೂರಲೇ ಇಲ್ಲ. ಮಳೆಯ ತೇವಕ್ಕೆ ಚರ್ಮ ಸಡಿಲವಾಗಿತ್ತು. ಮುನ್ನೂರು ಮಕ್ಕಳ ಎದುರು ಅವರು ಅಂಚಿಗೆ ತಟ್ಟುತ್ತಾ, ಕಿವಿಯಿಟ್ಟು ಕೇಳುತ್ತಾ, ಮತ್ತೆ ತಟ್ಟುತ್ತಾ ಹತ್ತು ನಿಮಿಷ ಕಳೆದರು. ಹಿಂದಿನ ಸಾಲಿನಲ್ಲಿ ಸುಮ್ನೆ ಚಪ್ಪಾಳೆ ಶುರುವಾಯಿತು. ಅವರು ತಲೆ ಎತ್ತಲಿಲ್ಲ. ನನಗೆ ಅವರ ಮುಖ ನೋಡಲಾಗಲಿಲ್ಲ.

ಆ ದಿನದಿಂದ ಮೊದಲ ಅರ್ಧ ಗಂಟೆ ವಾದ್ಯಕ್ಕೆ ಎಂದು ಇಟ್ಟೆ. ಮಕ್ಕಳನ್ನೂ ಆಗಲೇ ಒಳಗೆ ಬಿಡುತ್ತಿದ್ದೆ. ಶ್ರುತಿ ಮಾಡುವುದನ್ನು ನೋಡುವುದೇ ಒಂದು ಪಾಠ. ಹಲಸಿನ ಮರದ ಆ ಗೂಡು, ಬಲಗಡೆಯ ನಡುವೆ ಅನ್ನ ಮತ್ತು ಕಿಟ್ಟದ ಪುಡಿ ಅರೆದು ಪದರ ಪದರವಾಗಿ ಕೂರಿಸಿದ ಕಪ್ಪು ಕರ್ಣೆ, ಒಂದು ಪೆಟ್ಟಿಗೆ ದನಿ ಕೂದಲೆಳೆಯಷ್ಟು ಏರುವುದು. ಇದನ್ನು ಹತ್ತಿರದಿಂದ ಕಂಡ ಹುಡುಗರು ಮತ್ತೆ ಹಿಂದಿನ ಸಾಲಿಗೆ ಹೋಗಿ ಕೂತದ್ದನ್ನು ನಾನು ಕಾಣಲಿಲ್ಲ.

ಈಗ ನಿನ್ನ ವೀಣೆ. ವೀಣೆಗೆ 24 ಮೆಟ್ಟಿಲು. ಅವು ನಿಂತಿರುವುದು ಮೇಣದ ಮೇಲೆ. ಕರೆತರುವ ಕಾರನ್ನು ಬಿಸಿಲಿಗೆ ನಿಲ್ಲಿಸಿ, ವೀಣೆಯನ್ನು ಅದರೊಳಗೆ ಬಿಟ್ಟು ಊಟಕ್ಕೆ ಹೋಗಬೇಡಿ. ಮೇಣ ಮೆತ್ತಗಾದರೆ ಮೆಟ್ಟಿಲು ಅಲುಗುತ್ತದೆ, ಆಮೇಲೆ ಸ್ವರ ಸರಿಹೋಗುವುದಿಲ್ಲ. ಹಾಲ್‌ನಲ್ಲಿ ಎಸಿ ಇದ್ದರೆ ಅವರು ಬರುವ ಮೊದಲೇ ಹಾಕಿ ಇಡಿ, ನಡುವೆ ಆಫ್ ಆನ್ ಮಾಡಬೇಡಿ. ಮೊದಲ ಸಾಲಿನ ಸೋಫಾ ತೆಗೆಸಿ ಜಮಖಾನ ಹಾಸಿ, ವಿದ್ಯಾರ್ಥಿಗಳು ಅಲ್ಲಿ ಕೂರಲಿ. ತಂತಿ ಎಳೆದು ಗಮಕ, ಅಂದರೆ ಸ್ವರದ ಬಾಗು ಬಳುಕು, ಮಾಡುವ ಎಡಗೈ ಅಲ್ಲಿಂದಲೇ ಕಾಣುವುದು. ಪರಿಚಯ ನೀನೇ ಮಾಡು, ನಾಲ್ಕು ಸಾಲು ಸಾಕು. ಹಾರ, ಶಾಲು, ಭಾಷಣ ಎಲ್ಲ ಕಛೇರಿ ಆದ ಮೇಲೆ, ಐದು ನಿಮಿಷದಲ್ಲಿ. ದೊಡ್ಡವರು ಒಪ್ಪುತ್ತಾರಾ ಎಂದು ಹೆದರಬೇಡ. ಹತ್ತು ದಿನ ಮೊದಲೇ ಕಾರ್ಯಕ್ರಮದ ಪಟ್ಟಿ ಬರೆದು ತೋರಿಸಿ ಒಪ್ಪಿಗೆ ತಗೋ. ಆ ದಿನ ಬೆಳಿಗ್ಗೆ ಹೋಗಿ ಕೇಳಿದರೆ ಯಾರೂ ಒಪ್ಪುವುದಿಲ್ಲ.

ಪ್ರಶ್ನೆ: ಜನವರಿಯಲ್ಲಿ ಬೆಳಿಗ್ಗೆ ಹತ್ತಕ್ಕೆ ಯಕ್ಷಗಾನ ಮೇಳದ ಕಲಾವಿದರನ್ನು ಕರೆಸಿದ್ದೆವು. ಒಬ್ಬರು ತಡವಾಗಿ ಬಂದರು, ಇನ್ನೊಬ್ಬರು ಆಕಳಿಸುತ್ತಿದ್ದರು. ನಮ್ಮಲ್ಲಿ ಬೇಸರ ಉಳಿದಿದೆ. ಸಂಭಾವನೆ ವಿಷಯದಲ್ಲೂ ಗೊಂದಲ. ಪ್ರಚಾರ ಸಿಗುತ್ತದಲ್ಲ, ಅಷ್ಟು ಸಾಕಲ್ವಾ?
– ಉಪನ್ಯಾಸಕರು, ಉಡುಪಿ

ಉತ್ತರ: ಸರ್, ಅವರು ಹಿಂದಿನ ರಾತ್ರಿ ಎಲ್ಲಿದ್ದರು ಎಂದು ಕೇಳಿದ್ರಾ? ದೀಪಾವಳಿ ಕಳೆದ ಮೇಲೆ ಮೇಳಗಳು ತಿರುಗಾಟಕ್ಕೆ ಹೊರಟರೆ ಗೆಜ್ಜೆ ಬಿಚ್ಚುವುದು ಪತ್ತನಾಜೆಗೆ. ಅಂದರೆ ತುಳು ಪಂಚಾಂಗದ ಬೇಶ ತಿಂಗಳ ಹತ್ತಕ್ಕೆ, ಮೇ 24ರ ಸುಮಾರಿಗೆ. ಅಲ್ಲಿಯವರೆಗೆ ದಿನಾ ರಾತ್ರಿ ಒಂದೊಂದು ಊರು. ಈಗ ಕಾಲಮಿತಿಯ ಆಟ ಬಂದಿದೆ, ಆದರೂ ಬಣ್ಣ ತೆಗೆದು ಮಲಗುವಾಗ ನಡುರಾತ್ರಿ ದಾಟಿರುತ್ತದೆ. ಬೆಳಗಿನವರೆಗೆ ಆಟ ಆಡಿ ನೇರ ನಿಮ್ಮಲ್ಲಿಗೆ ಬಂದವರೂ ಇರಬಹುದು. ಜನವರಿಯಲ್ಲಿ ಕರೆಯುವುದಾದರೆ ಮಧ್ಯಾಹ್ನ ಮೂರು ಗಂಟೆಗೆ ಕರೆಯಿರಿ. ಅದಕ್ಕಿಂತ ಒಳ್ಳೆಯದು ಆಗಸ್ಟ್‌ನಿಂದ ಅಕ್ಟೋಬರ್. ಚಿಕ್ಕಮೇಳ, ಅಂದರೆ ಮಳೆಗಾಲದ ಸಣ್ಣ ತಂಡ, ಕಟ್ಟಿಕೊಂಡು ಸಂಜೆ ಮನೆಮನೆಗೆ ಹೋಗುವವರಿಗೂ ಆಗ ಹಗಲು ಬಿಡುವಿರುತ್ತದೆ.

ಸಂಭಾವನೆಗೆ ಬಂದರೆ, ಪ್ರಚಾರದಿಂದ ಅಕ್ಕಿ ಬರುವುದಿಲ್ಲ. ಕರೆಯುವ ದಿನವೇ ಮೊತ್ತ ಹೇಳಿ. ಪ್ರಯಾಣದ ಖರ್ಚು ಬೇರೆ. ಭಾಗವತರಿಗೆ ಒಂದೇ ಲಕೋಟೆ ಕೊಟ್ಟು "ಹಂಚಿಕೊಳ್ಳಿ" ಎನ್ನಬೇಡಿ. ಚೆಂಡೆಯವರಿಗೂ ಮದ್ದಳೆಯವರಿಗೂ ಅವರವರ ಕೈಗೇ ಕೊಡಿ. "ಬಿಲ್ ಪಾಸಾಗಲಿ" ಎಂದು ಮೂರು ತಿಂಗಳು ಕಾಯಿಸುವುದನ್ನು ನಾನು ಕಂಡಿದ್ದೇನೆ. ಆ ಫೋನ್ ಕರೆಗಳಿಗೆ ಉತ್ತರ ಕೊಡಬೇಕಾಗಿ ಬಂದದ್ದೂ ನಾನೇ. ಒಂದು ಸಲ ಕೈಯಿಂದಲೇ ಕೊಟ್ಟೆ.

ಪ್ರಶ್ನೆ: ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. ರಾಗ, ತಾಳ ಏನೂ ಗೊತ್ತಿಲ್ಲ. ಕಛೇರಿ ಆದ ಮೇಲೆ "ಪ್ರಶ್ನೆ ಕೇಳಿ" ಎಂದರೆ ತಲೆ ತಗ್ಗಿಸುತ್ತೇನೆ. ನನ್ನಂಥವರು ಹೋಗಿ ಏನು ಪ್ರಯೋಜನ?
– ಸುರತ್ಕಲ್

ಉತ್ತರ: ನಿಮ್ಮಂಥವರಿಗಾಗಿಯೇ ಸ್ಪಿಕ್ ಮೆಕೆ ಹುಟ್ಟಿದ್ದು, ಶಾಸ್ತ್ರೀಯ ಕಲಾವಿದರನ್ನು ವಿದ್ಯಾರ್ಥಿಗಳ ಹತ್ತಿರ ಕರೆತರುವ ಸಂಸ್ಥೆ ಅದು. 1977ರಲ್ಲಿ ಅದನ್ನು ಶುರು ಮಾಡಿದ ಕಿರಣ್ ಸೇಠ್ ಸಂಗೀತದ ಮೇಷ್ಟ್ರಲ್ಲ, ದೆಹಲಿಯ ಐಐಟಿಯಲ್ಲಿ ಪಾಠ ಮಾಡುತ್ತಿದ್ದವರು.

ಒಂದು ದನಿ ಕಿವಿಗೆ ಬಿದ್ದರೆ ಏನಾಗಬಹುದು ಎನ್ನುವುದಕ್ಕೆ ನಮ್ಮೂರಲ್ಲೇ ಸಾಕ್ಷಿ ಇದೆ. ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ 1949ರಲ್ಲಿ ಹುಟ್ಟಿದ ಹುಡುಗ, ತಂದೆ ನಾಗಸ್ವರದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿದ, ಮನಸ್ಸು ಅದರಲ್ಲೇ ನಿಂತಿತು. ಅವರೇ ಕದ್ರಿ ಗೋಪಾಲನಾಥ್. ಕೀಲಿ ಒತ್ತಿ ಬಿಡಿ ಬಿಡಿ ಸ್ವರ ಹೊರಡಿಸುವ ವಾದ್ಯದಲ್ಲಿ ಗಮಕ ತರಲು ವರ್ಷಗಟ್ಟಲೆ ದುಡಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನುಡಿಸಿದರು. ದೂರದಿಂದ ಬಂದು ಕಲಿತವರೂ ಇದ್ದಾರೆ. ಅಮೆರಿಕದ ಮಾರ್ತಾ ಆಷ್ಟನ್ ನಮ್ಮ ಹಿರಿಯಡಕ ಗೋಪಾಲ ರಾಯರಂಥ ಮದ್ದಳೆಗಾರರ ಹತ್ತಿರ ಕೂತು ಯಕ್ಷಗಾನ ಕಲಿತರು, ಅದರ ಮೇಲೆ ಪುಸ್ತಕವನ್ನೇ ಬರೆದರು.

ಇನ್ನು ಪ್ರಶ್ನೆ. ನಮ್ಮಲ್ಲಿಗೆ ಒಮ್ಮೆ ವೀಣೆಯವರು ಬಂದಿದ್ದರು. ಪ್ರಶ್ನೆ ಕೇಳಿ ಎಂದಾಗ ಎಂದಿನಂತೆ ಮೌನ. ಆಮೇಲೆ ಬಿ.ಕಾಂ. ಮೊದಲ ವರ್ಷದ ಹುಡುಗಿಯೊಬ್ಬಳು ಎದ್ದು "ಮೇಡಂ, ಬೆರಳು ನೋಯಲ್ವಾ?" ಎಂದಳು. ಯಾರೋ ನಕ್ಕರು. ಕಲಾವಿದೆ ನಗಲಿಲ್ಲ, ಅವಳನ್ನು ವೇದಿಕೆಗೆ ಕರೆದರು. ಎಡಗೈ ಚಾಚಿ ತೋರು ಬೆರಳು, ನಡು ಬೆರಳು ತೋರಿಸಿದರು. ಎರಡರ ತುದಿಯಲ್ಲೂ ತಂತಿ ಕೊರೆದ ಕಪ್ಪು ಗೆರೆ, ಒಣಗಿದ ಹುಣಸೆ ಬೀಜದಷ್ಟು ಗಟ್ಟಿ. ಪಕ್ಕದ ಪುಟ್ಟ ಬಟ್ಟಲಿನಲ್ಲಿ ಎಣ್ಣೆ ಇತ್ತು. ಜಾರುವುದಕ್ಕೆ ಅದೇ ಬೇಕು ಎಂದರು. ಹುಡುಗಿಯ ಬೆರಳಿಗೂ ಹಚ್ಚಿ, ತಂತಿ ಒತ್ತಿ ಎಳೆಯಲು ಹೇಳಿದರು. ಅವಳು ಎಳೆದಳು, ಸ್ವರ ಬಾಗಿತು. ಅವಳ ಕಣ್ಣು ನೋಡಬೇಕಿತ್ತು ನೀವು! ಆಮೇಲೆ ಪ್ರಶ್ನೆಗಳು ನಲವತ್ತು ನಿಮಿಷ ನಿಲ್ಲಲೇ ಇಲ್ಲ.

ನೀವು ಇಂಜಿನಿಯರಿಂಗ್ ಓದುವವರು. ತಂತಿಯ ದಪ್ಪ, ಮೆಟ್ಟಿಲ ನಡುವಿನ ಅಂತರ, ಮಳೆಗೆ ಚರ್ಮ ಯಾಕೆ ಸಡಿಲವಾಗುತ್ತದೆ, ಇವನ್ನೆಲ್ಲ ಕೇಳಿ. ರಾಗದ ಹೆಸರು ಆಮೇಲೆ ಬರುತ್ತದೆ.

ಪ್ರಶ್ನೆ: ಪ್ರಾತ್ಯಕ್ಷಿಕೆಯನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಬಹುದೇ? ಯಕ್ಷಗಾನದವರ ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಬಣ್ಣ ಹಚ್ಚುವುದನ್ನೂ ತೆಗೆಯುವ ಆಸೆ.
– ಮಣಿಪಾಲ

ಉತ್ತರ: ಮೊದಲು ಕೇಳಿ. ಚೌಕಿಯಲ್ಲಿ ದೇವರಿರುತ್ತಾರೆ, ಚಪ್ಪಲಿ ಹೊರಗೆ ಬಿಡಿ, ಬಣ್ಣದ ಪೆಟ್ಟಿಗೆ ಮುಟ್ಟಬೇಡಿ. ಅಕ್ಕಿ ಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಟ್ಟಿ (ಉಬ್ಬಿದ ಬಿಳಿ ಚುಕ್ಕೆಗಳು) ಇಡುವಾಗ ಎದುರಿಗೆ ಫ್ಲ್ಯಾಶ್ ಬೆಳಗಿಸಿದರೆ ಕೈ ತಪ್ಪುತ್ತದೆ. ಅವರು ಒಪ್ಪಿದರೆ ಒಬ್ಬರೇ ತೆಗೆಯಿರಿ, ಉಳಿದವರು ನೋಡಲಿ. ತೆಗೆದದ್ದನ್ನು ಗ್ರೂಪಿಗೆ ಹಾಕುವ ಮೊದಲು ಆ ಕಲಾವಿದರಿಗೇ ಕಳಿಸಿ. ಮೂವತ್ತು ವರ್ಷ ಮದ್ದಳೆ ನುಡಿಸಿದವರ ಮನೆಯಲ್ಲಿ ಅವರದೇ ಒಂದು ಒಳ್ಳೆಯ ವಿಡಿಯೋ ಇಲ್ಲದ್ದನ್ನು ನಾನು ನೋಡಿದ್ದೇನೆ.