ಸುರಂಗದ ನೀರು, ದಂಬೆ ಮತ್ತು ಶ್ವೇತಕುಬ್ಜ

ಪ್ರಶ್ನೆ: ನಾನು ಪೆರ್ಲದ ಹತ್ತಿರ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಓದುತ್ತಿದ್ದೇನೆ. ಕೆಲವು ನಕ್ಷತ್ರಗಳು ದೊಡ್ಡ ಅಯಸ್ಕಾಂತದ ಹಾಗಿದ್ದು ಎಕ್ಸ್-ರೇ ಬಿಡುತ್ತವಂತೆ. ಆಸ್ಪತ್ರೆಯಲ್ಲಾದರೆ ಮೆಷಿನ್ ಇದೆ. ಆಕಾಶದಲ್ಲಿ ಎಕ್ಸ್-ರೇ ಎಲ್ಲಿಂದ ಬರುತ್ತದೆ? ಅಷ್ಟು ದೂರದ್ದು ಅಯಸ್ಕಾಂತ ಅಂತ ಗೊತ್ತಾಗುವುದು ಹೇಗೆ?

ಉತ್ತರ: ನಿನ್ನ ಮನೆ ಹಿಂದಿನ ಗುಡ್ಡದಲ್ಲಿ ನೀರಿಗಾಗಿ ಕೊರೆದ ಸುರಂಗ ಇರಬಹುದು, ಅಲ್ವಾ? ನಮ್ಮದರಲ್ಲಿ ಮುರಕಲ್ಲಿನಿಂದ ಒಸರುವ ನೀರನ್ನು ದಂಬೆಯಲ್ಲಿ, ಅಂದರೆ ಅಡಿಕೆ ಮರ ಸೀಳಿ ಮಾಡಿದ ಕಾಲುವೆಯಲ್ಲಿ, ಕೆರೆಗೆ ತರುತ್ತಿದ್ದೆವು. ದಂಬೆ ಜಾರಿದ ದಿನ ನೀರು ಗುಡ್ಡದ ತುಂಬ ಹರಡಿ ಮಣ್ಣು ಒದ್ದೆಯಾಗುತ್ತಿತ್ತು, ಅಷ್ಟೇ. ಅದೇ ನೀರು ದಂಬೆಯ ತುದಿಯಿಂದ ಒಂದೇ ಕಡೆ ಬಿದ್ದು ಬಿದ್ದು ಕೆಳಗಿನ ಕಲ್ಲಿನಲ್ಲಿ ಗೇಣುದ್ದದ ಗುಳಿ ಮಾಡಿತ್ತು. ಆ ಗುಳಿಯಲ್ಲಿ ನಾನು ಎಷ್ಟೋ ಸಲ ಕೈಯಿಟ್ಟು ನೋಡಿದ್ದೇನೆ.

ಈ ನಕ್ಷತ್ರಗಳಲ್ಲೂ ಒಂದು ದಂಬೆ ಇದೆ. ಎಎಂ ಹರ್ಕ್ಯುಲಿಸ್ ಎಂಬ ಜೋಡಿಯನ್ನೇ ನೋಡು. ಒಂದು ಶ್ವೇತಕುಬ್ಜ, ಅಂದರೆ ಉರಿದು ಮುಗಿದ ನಕ್ಷತ್ರದ ಉಳಿಕೆ: ಗಾತ್ರ ಹೆಚ್ಚುಕಡಿಮೆ ಭೂಮಿಯಷ್ಟು, ತೂಕ ಮಾತ್ರ ಸೂರ್ಯನ ಲೆಕ್ಕದಲ್ಲಿ. ಪಕ್ಕದಲ್ಲಿ ಒಂದು ಸಣ್ಣ ಕೆಂಪು ನಕ್ಷತ್ರ. ಎರಡರ ನಡುವಿನ ದೂರ ಸೂರ್ಯನ ಅಡ್ಡಗಲಕ್ಕಿಂತ ಕಡಿಮೆ! ಹಾಗಾಗಿ ಕೆಂಪು ನಕ್ಷತ್ರದ ಅನಿಲವನ್ನು ಶ್ವೇತಕುಬ್ಜ ಎಳೆದುಕೊಳ್ಳುತ್ತದೆ. ಭೂಮಿಯ ಕಾಂತಕ್ಷೇತ್ರ ಸುಮಾರು ಅರ್ಧ ಗಾಸ್ (ಗಾಸ್ ಅಂದರೆ ಕಾಂತಕ್ಷೇತ್ರದ ಅಳತೆ). ಅಲ್ಲಿ ಸುಮಾರು 1.4 ಕೋಟಿ ಗಾಸ್. ಅನಿಲ ಹರಡಲು ಅದು ಬಿಡುವುದೇ ಇಲ್ಲ. ಕಾಂತರೇಖೆಯ ದಾರಿ ಹಿಡಿಸಿ ಧ್ರುವದ ಹತ್ತಿರ ಒಂದು ಸಣ್ಣ ಜಾಗಕ್ಕೆ ಸುರಿಯುತ್ತದೆ.

ಸುಮ್ನೆ ಸುರಿಯುವುದಲ್ಲ, ಸೆಕೆಂಡಿಗೆ ಕೆಲವು ಸಾವಿರ ಕಿಲೋಮೀಟರ್ ವೇಗದಲ್ಲಿ. ಅಷ್ಟು ವೇಗದಲ್ಲಿ ಬಂದದ್ದು ಶ್ವೇತಕುಬ್ಜದ ನೆಲದ ಹತ್ತಿರ ಗಕ್ಕನೆ ತಡೆದಾಗ ಅನಿಲದ ಬಿಸಿ 10 ಕೋಟಿ ಡಿಗ್ರಿ ದಾಟುತ್ತದೆ. ಆ ಬಿಸಿಯಲ್ಲಿ ಇಲೆಕ್ಟ್ರಾನುಗಳು ಅಯಾನುಗಳ (ಇಲೆಕ್ಟ್ರಾನ್ ಕಳೆದುಕೊಂಡ ಪರಮಾಣುಗಳ) ಪಕ್ಕದಲ್ಲಿ ಹಾಯುವಾಗ ದಿಕ್ಕು ಬದಲಿಸಿ ವೇಗ ಕಳೆದುಕೊಳ್ಳುತ್ತವೆ. ಕಳೆದುಕೊಂಡ ಶಕ್ತಿಯೇ ಎಕ್ಸ್-ರೇ. ಆಸ್ಪತ್ರೆಯ ಮೆಷಿನ್‌ನಲ್ಲೂ ಇಲೆಕ್ಟ್ರಾನುಗಳನ್ನು ಲೋಹಕ್ಕೆ ಬಡಿದು ನಿಲ್ಲಿಸುತ್ತಾರೆ. ಮೂಲ ಕೆಲಸ ಒಂದೇ. ನನಗೆ ಭೌತಶಾಸ್ತ್ರದ ಮೇಲೆ ಪ್ರೀತಿ ಹುಟ್ಟಿದ್ದೇ ಇಂಥ ಹೋಲಿಕೆಗಳಿಂದ.

ಈ ಎಕ್ಸ್-ರೇ ತಕ್ಕಡಿಯ ಕೆಲಸವನ್ನೂ ಮಾಡುತ್ತದೆ. ಶ್ವೇತಕುಬ್ಜದ ತೂಕ ಜಾಸ್ತಿಯಾದಷ್ಟೂ ಸೆಳೆತ ಜಾಸ್ತಿ, ಬೀಳುವ ವೇಗ ಜಾಸ್ತಿ, ಬಿಸಿಯೂ ಜಾಸ್ತಿ. ಆ ಬಿಸಿಯನ್ನು ಅಳೆದು ತೂಕ ಲೆಕ್ಕ ಹಾಕುತ್ತಾರೆ.

ಅಯಸ್ಕಾಂತ ಅಂತ ಗೊತ್ತಾದದ್ದು ಮಾತ್ರ ಕಣ್ಣಿಗೆ ಕಾಣುವ ಬೆಳಕಿನಿಂದ. ಕಾಂತರೇಖೆಯ ಸುತ್ತ ಇಲೆಕ್ಟ್ರಾನುಗಳು ಸುತ್ತುತ್ತಾ ಬಿಡುವ ಬೆಳಕು ಧ್ರುವೀಕರಣಗೊಂಡಿರುತ್ತದೆ, ಅಂದರೆ ಅದರ ಕಂಪನಕ್ಕೆ ಒಂದು ಕ್ರಮ ಇರುತ್ತದೆ. 1976ರಲ್ಲಿ ಸ್ಯಾಂಟಿಯಾಗೋ ಟಾಪಿಯಾ ಎಂಬ ವಿಜ್ಞಾನಿ ಎಎಂ ಹರ್ಕ್ಯುಲಿಸ್‌ನಲ್ಲಿ ಅದನ್ನು ಕಂಡರು. ಆ ಬೆಳಕು 3 ಗಂಟೆ 6 ನಿಮಿಷಕ್ಕೊಮ್ಮೆ ಅದೇ ರೀತಿ ಏರಿಳಿಯುತ್ತದೆ. ಜೋಡಿ ಒಂದು ಸುತ್ತು ಮುಗಿಸುವ ಹೊತ್ತೂ ಅಷ್ಟೇ.

ಪ್ರಶ್ನೆ: ಇದನ್ನು ನಮ್ಮ ಊರಿಂದ ನೋಡಬಹುದೇ? (ಅದೇ ಪತ್ರದಿಂದ)

ಉತ್ತರ: ಎಕ್ಸ್-ರೇಯನ್ನು ನಮ್ಮ ಗಾಳಿಯೇ ತಡೆಯುತ್ತದೆ, ತಡೆಯುವುದು ಒಳ್ಳೆಯದೇ. ಅದಕ್ಕೆ ಉಪಗ್ರಹ ಬೇಕು. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹೋದ ನಮ್ಮ ಆಸ್ಟ್ರೋಸ್ಯಾಟ್ 650 ಕಿಲೋಮೀಟರ್ ಎತ್ತರದಿಂದ ಇಂಥದ್ದನ್ನು ನೋಡಲೆಂದೇ ಹೋದದ್ದು.

ಜಾಗವನ್ನಾದರೂ ನೀನು ಗುರುತಿಸಬಹುದು. ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲಿ, ರಾತ್ರಿ 11ಕ್ಕೆ ತೋಟದಿಂದ ಹೊರಗೆ ಬಯಲಿಗೆ ಬಾ. ಈಶಾನ್ಯದಲ್ಲಿ ಬಿಳಿಯಾಗಿ ಹೊಳೆಯುವ ಅಭಿಜಿತ್ ನಕ್ಷತ್ರ (ವೇಗಾ) ಕಾಣುತ್ತದೆ. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿ. ಅಭಿಜಿತ್‌ನಿಂದ ಎಡಕ್ಕೆ ಒಂದು ಮುಷ್ಟಿಯಷ್ಟು ದೂರ. ಬರಿಗಣ್ಣಿಗೆ ಅಲ್ಲಿ ಏನೂ ಕಾಣುವುದಿಲ್ಲ. ಆದರೆ ಆ ಕತ್ತಲಲ್ಲೇ ದಂಬೆ ಸುರಿಯುತ್ತಿದೆ.