ಸಾಕ್ಷಿ ಹೇಳಿದ ಭಾನುವಾರ

ನಾನು ದತ್ತು ಕುಟುಂಬಗಳ ಆಪ್ತಸಮಾಲೋಚಕಿ. ಮಗುವಿನ ಕಥೆ ಮಗುವಿಗೇ ಸೇರಿದ್ದು ಅಂತ ಊರಿಗೆಲ್ಲ ಹೇಳುವವಳು. ಈಗ ನಾನೇ ಬರೆಯುತ್ತಿದ್ದೇನೆ. ಹಾಗಾಗಿ ಹೆಸರು, ವಯಸ್ಸು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ನಾಳೆ ಆ ಹುಡುಗಿಯೇ ಓದಿದರೂ ಇದು ತನ್ನದು ಅಂತ ಗುರುತು ಹಿಡಿಯಬಾರದು.

ಮೊದಲ ದಿನ ಸುಶೀಲಾ ಒಂದು ದಿಂಬಿನ ಚೀಲ ಹಿಡಿದುಕೊಂಡು ಬಂದಿದ್ದರು. ನನ್ನ ಮೇಜಿನ ಮೇಲೆ ಸುರುವಿದರು. ಒಣಗಿ ಹಪ್ಪಳದಂತಾದ ಅರ್ಧ ಚಪಾತಿ, ಬಿಸ್ಕತ್ತಿನ ಚೂರು, ಕಾಗದದಲ್ಲಿ ಸುತ್ತಿದ ಒಂದು ಉಂಡೆ ಬೆಲ್ಲ. "ನಾವೇನು ಉಪವಾಸ ಕೆಡವತೀವೇನ್ರಿ ಮೇಡಂ?" ಅಂದರು. ಪಕ್ಕದಲ್ಲಿ ಗಂಡ ಜಯಕುಮಾರ್ ತಲೆ ತಗ್ಗಿಸಿ ಕೂತಿದ್ದರು.

ಧಾರವಾಡದ ಕಡೆಯ ಪ್ರೊಟೆಸ್ಟೆಂಟ್ ಕುಟುಂಬ. ಬಾಸೆಲ್ ಮಿಷನ್ ಕಾಲದಿಂದ ಕ್ರೈಸ್ತರು, ಮನೆಮಾತು ಕನ್ನಡ. ಮದುವೆಯಾಗಿ ಹದಿನಾರು ವರ್ಷ, ಮಕ್ಕಳಿಲ್ಲ. ಚರ್ಚಿನಲ್ಲಿ ಎಲ್ಲರೂ ಇವರಿಗೆ ಬೈಬಲಿನ ಹನ್ನಳ ಕಥೆ ಹೇಳಿದವರೇ. ಹನ್ನಳು ಅತ್ತು ಬೇಡಿಕೊಂಡಳು, ದೇವರು ಸಮುವೇಲನನ್ನು ಕೊಟ್ಟ, ನೀನೂ ಬೇಡು. ಬೇಡಿದರು. ಮೂರು ಸಲ ಆಸ್ಪತ್ರೆ ಚಿಕಿತ್ಸೆಯೂ ಆಯಿತು. ಕೊನೆಗೆ ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರ ಕಾರಾದ ಪೋರ್ಟಲ್‌ನಲ್ಲಿ ನೋಂದಾಯಿಸಿದಾಗ ಇಬ್ಬರ ವಯಸ್ಸು ಕೂಡಿಸಿದರೆ 87. ಎರಡು ವರ್ಷದೊಳಗಿನ ಮಗು ಬೇಕೆಂದರೆ ಈ ಮೊತ್ತ 85 ದಾಟಬಾರದು. ಸ್ವಲ್ಪ ದೊಡ್ಡ ಮಗುವೇ ಇರಲಿ ಅಂದುಕೊಂಡರು. ಹಾಗೆ ಬಂದವಳು ಲಕ್ಷ್ಮಿ, ಆರು ವರ್ಷ.

ಬಂದು ನಾಲ್ಕು ತಿಂಗಳಾಗಿತ್ತು. ಮೊದಲ ಮೂರು ತಿಂಗಳು ಏನೂ ತಕರಾರಿಲ್ಲ. ಆಮೇಲೆ ಹಾಸಿಗೆ ಒದ್ದೆ ಮಾಡೋದು, ತಿಂಡಿ ಬಚ್ಚಿಡೋದು, 'ಮಮ್ಮಿ' ಅನ್ನುತ್ತಿದ್ದವಳು ಮತ್ತೆ 'ಆಂಟಿ' ಅನ್ನೋದು ಶುರುವಾಯಿತು.

ನಾನು ಮೊದಲು ಎಡವಿದೆ. ಹೊಸ ಶಾಲೆ ಸೇರಿದ್ದಕ್ಕೆ ಹೀಗೆ ಅಂದುಕೊಂಡು ಎರಡು ಭೇಟಿ ಬರೀ ಶಾಲೆಯ ಮಾತಿನಲ್ಲೇ ಕಳೆದೆ. ಮೂರನೇ ಸಲ ಜಯಕುಮಾರ್ ಒಬ್ಬರೇ ಬಂದರು. "ಒಂದು ಭಾನುವಾರದಿಂದ ಹೀಗಾಗಿದೆ ಅನ್ಸುತ್ತೆ ಮೇಡಂ" ಅಂದರು.

ಆ ಭಾನುವಾರ ಆರಾಧನೆಯಲ್ಲಿ ಸುಶೀಲಾ ಸಾಕ್ಷಿ ಹೇಳಿದ್ದರು. ಅಂದರೆ, ದೇವರು ತಮ್ಮ ಬಾಳಿನಲ್ಲಿ ಮಾಡಿದ್ದನ್ನು ಸಭೆಯ ಮುಂದೆ ಎದ್ದು ನಿಂತು ಹೇಳೋದು. ಮಗುವನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, "ಹೆತ್ತ ತಾಯಿಯೇ ಬೇಡ ಅಂತ ಬಿಟ್ಟ ಮಗುವನ್ನು ಕರ್ತರು ನಮ್ಮ ಮಡಿಲಿಗೆ ಹಾಕಿದರು" ಅಂದರು. ಜನ ಕಣ್ಣೊರೆಸಿಕೊಂಡರು. ಹೊರಗೆ ಬಂದ ಮೇಲೆ ಹತ್ತಾರು ಮಂದಿ ಕೈಕುಲುಕಿ "ದೊಡ್ಡ ಸೇವೆ ಮಾಡಿದಿರಿ" ಅಂದರು. ಒಬ್ಬರು ಹುಡುಗಿಯ ಗಲ್ಲ ಹಿಡಿದು "ಪುಣ್ಯವಂತೆ ನೀನು, ಇವರ ಮಾತು ಕೇಳಿಕೊಂಡು ಇರಬೇಕು" ಅಂದರಂತೆ.

ಅವತ್ತು ರಾತ್ರಿಯೇ ಚಪಾತಿ ದಿಂಬಿನೊಳಗೆ ಸೇರಿತು.

ಮಾತು ಕೇಳದಿದ್ದರೆ ಏನಾಗುತ್ತೆ ಅಂತ ಆ ಮಗುವಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಒಂದು ಮನೆ ಕೈತಪ್ಪಿದ್ದನ್ನು ಅವಳು ಆಗಲೇ ಕಂಡಿದ್ದಳು. ಸೇವೆ ಅನ್ನೋದು ಮಾಡುವವರಿಗೆ ಸಾಕಾದ ದಿನ ನಿಂತುಹೋಗಬಹುದಾದದ್ದು. ಮಗಳಾಗಿರೋದು ಹಾಗಲ್ಲ. ಇದನ್ನು ಸುಶೀಲಾಗೆ ಹೇಳಿದಾಗ ಅವರಿಗೆ ಸಿಟ್ಟೇ ಬಂತು. "ದೇವರಿಗೆ ಸ್ತೋತ್ರ ಹೇಳಬಾರದಾ? ನೀವು ವಿಶ್ವಾಸಿಗಳಲ್ಲ, ನಿಮಗೆ ತಿಳಿಯಲ್ಲ." ಇರಬಹುದು, ನಾನು ಚರ್ಚಿಗೆ ಹೋಗುವವಳಲ್ಲ. ಸ್ತೋತ್ರ ಧಾರಾಳವಾಗಿ ಹೇಳಿ ಅಂದೆ. ನಿಮ್ಮ ಹದಿನಾರು ವರ್ಷದ ಕಥೆ ನಿಮ್ಮದು, ಅದನ್ನು ಸಾಕ್ಷಿ ಹೇಳಿ. ಅವಳ ಆರು ವರ್ಷದ್ದನ್ನು ಬಿಟ್ಟುಬಿಡಿ. ಆ ತಾಯಿ 'ಬೇಡ ಅಂತ ಬಿಟ್ಟಳು' ಅನ್ನೋದು ನಿಮಗೆ ಹೇಗೆ ಗೊತ್ತು? ಕಡತದಲ್ಲಿ ಇರೋದು ಇಷ್ಟೇ: ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬಂದು ಮಗುವನ್ನು ಒಪ್ಪಿಸಿ ಸಹಿ ಮಾಡಿದ್ದಾಳೆ. ಮನಸ್ಸು ಬದಲಾದರೆ ವಾಪಸ್ ಬರಲು ಕಾನೂನು 60 ದಿನ ಕೊಡುತ್ತದೆ. ಆ 60 ದಿನ ಅವಳು ಹೇಗೆ ಕಳೆದಳೋ ನಮಗ್ಯಾರಿಗೂ ಗೊತ್ತಿಲ್ಲ.

ಸುಶೀಲಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಮನಸ್ಸಿನಲ್ಲೇ ಇಟ್ಟುಕೊಂಡಿದ್ದನ್ನು ಹೇಳಿದರು. ಹಿಂದಿನ ವಾರ ಮಲಗಿಸುವಾಗ "ದೇವರೇ ನಿನ್ನನ್ನ ನಮಗೆ ಕೊಟ್ಟ" ಅಂದಿದ್ದಕ್ಕೆ ಹುಡುಗಿ ಕೇಳಿದ್ದಳಂತೆ: "ಹಂಗಾದ್ರ ನಮ್ಮವ್ವನ್ನ ಯಾಕ ಕಸ್ಕೊಂಡ ದೇವ್ರು?"

ಏನು ಹೇಳಿದಿರಿ ಅಂತ ಕೇಳಿದೆ. "ಮಲಗು ಅಂದೆ" ಅಂದರು.

ಆ ಪ್ರಶ್ನೆಗೆ ನನ್ನ ಹತ್ತಿರವೂ ಉತ್ತರ ಇಲ್ಲ. ಆದರೆ ಗೊತ್ತಿಲ್ಲ ಅಂತ ಹೇಳಬಹುದಲ್ವಾ? "ನಂಗೂ ಗೊತ್ತಿಲ್ಲ ಪುಟ್ಟಿ. ಅವ್ವನ ನೆನಪಾದರೆ ಹೇಳು. ಅಳು ಬಂದರೆ ಅಳು." ಇನ್ನೊಂದು ಮಾತು ಸೇರಿಸಿದೆ. ದಿನಾ ರಾತ್ರಿ ಮನೆಯಲ್ಲಿ ಕುಟುಂಬ ಪ್ರಾರ್ಥನೆ ಮಾಡುತ್ತೀರಿ. ಅಜ್ಜಿಯ ಮೊಣಕಾಲಿಗೆ, ಅಕ್ಕಪಕ್ಕದವರ ಪರೀಕ್ಷೆಗೆ ಎಲ್ಲ ಬೇಡಿಕೊಳ್ಳುತ್ತೀರಿ. ಅದರಲ್ಲಿ ಆ ತಾಯಿಗೂ ಒಂದು ಸಾಲು ಇರಲಿ. ಜಯಕುಮಾರ್ ತಕ್ಷಣ ಒಪ್ಪಿದರು. ಸುಶೀಲಾಗೆ ಮೂರು ವಾರ ಬೇಕಾಯಿತು.

ಅಷ್ಟರಲ್ಲಿ ಸಂಡೇ ಸ್ಕೂಲಿನಲ್ಲಿ ಮೋಶೆಯ ಪಾಠ ಬಂದಿತ್ತು. ಮಗುವನ್ನು ಬುಟ್ಟಿಯಲ್ಲಿ ಮಲಗಿಸಿ ಹೊಳೆ ದಡದ ಜೊಂಡಿನಲ್ಲಿ ಇಡೋದು, ಫರೋಹನ ಮಗಳು ಎತ್ತಿಕೊಂಡು ಸಾಕೋದು. ಲಕ್ಷ್ಮಿ ನನ್ನ ಕೋಣೆಯಲ್ಲಿ ಕೂತು ಅದೇ ಚಿತ್ರ ಬರೆದಳು. ಅರಮನೆ ಇಲ್ಲ, ರಾಜಕುಮಾರಿ ಇಲ್ಲ. ಒಂದು ಬುಟ್ಟಿ, ಅದಕ್ಕೆ ಕ್ರೇಯಾನ್ ಮುರಿಯುವ ಹಾಗೆ ಒತ್ತಿ ಒತ್ತಿ ಕಪ್ಪು ಬಣ್ಣ. ಇದೇನು ಅಂದೆ. "ಡಾಂಬರು. ಅವರವ್ವ ಹಚ್ಚಿದ್ದು. ನೀರು ಒಳಗ ಬರಬಾರದಲ್ಲ." ಆ ಚಿತ್ರವನ್ನು ಸುಶೀಲಾಗೆ ತೋರಿಸಿದೆ, ನಾನೇನೂ ಹೇಳಲಿಲ್ಲ. ತಾಯಿಗೊಂದು ಸಾಲು ಆ ರಾತ್ರಿ ಪ್ರಾರ್ಥನೆಗೆ ಸೇರಿತಂತೆ.

ಸುಶೀಲಾರ ಅತ್ತೆಯವರ ಚಿಂತೆ ಬೇರೆ. "ನಮ್ಮ ಮಂದಿಗೆ ದತ್ತಕ ಇಲ್ಲಂತಲ್ರೀ?" ಅಂದರು. ಆ ಮಾತು ಬುಡವಿಲ್ಲದ್ದಲ್ಲ. 1956ರ ಹಿಂದೂ ದತ್ತಕ ಕಾಯ್ದೆ ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ ಮಾತ್ರ. ಕ್ರೈಸ್ತರು 1890ರ ಕಾಯ್ದೆಯಲ್ಲಿ ಪೋಷಕರಾಗಬಹುದಿತ್ತು, ಅಪ್ಪ-ಅಮ್ಮ ಆಗುವ ಹಾಗಿರಲಿಲ್ಲ. ಮಗುವಿಗೆ 18 ತುಂಬಿದರೆ ಕಾಗದದ ಮೇಲಿನ ಸಂಬಂಧ ಮುಗಿಯಿತು. ಅತ್ತೆಯ ತಮ್ಮ ಹಾಗೆ ಸಾಕಿದ್ದ ಹುಡುಗನನ್ನು ದಾಯಾದಿಗಳು ಮನೆ ಬಿಡಿಸಿದ್ದನ್ನು ಅವರು ಕಣ್ಣಾರೆ ಕಂಡವರು. ಬಾಲನ್ಯಾಯ ಕಾಯ್ದೆ ಬಂದ ಮೇಲೆ ಇದು ಬದಲಾಯಿತು. ಯಾವ ಧರ್ಮದವರೂ ಆ ಕಾಯ್ದೆಯಡಿ ದತ್ತು ಪಡೆಯಬಹುದು ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಶಬನಮ್ ಹಾಶ್ಮಿ ಪ್ರಕರಣದಲ್ಲಿ ಹೇಳಿತು. ಈಗ ಅದರ ಜಾಗದಲ್ಲಿ 2015ರ ಬಾಲನ್ಯಾಯ ಕಾಯ್ದೆ ನಡೆಯುತ್ತಿದೆ. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡುವವರು ನ್ಯಾಯಾಧೀಶರಲ್ಲ, ಜಿಲ್ಲಾಧಿಕಾರಿ. ಆದೇಶ ಕೈಗೆ ಬಂದರೆ ಹೆತ್ತ ಮಗುವಿಗೆ ಇರುವ ಹಕ್ಕೆಲ್ಲ ಇವಳಿಗೂ ಇರುತ್ತದೆ. ಆದರೂ ಒಂದು ವಿಲ್ ಬರೆದಿಡಿ ಅಂದೆ. ದಾಯಾದಿಗಳು ಕಾನೂನು ಓದಿಕೊಂಡು ಜಗಳಕ್ಕೆ ಬರುವುದಿಲ್ಲ.

ಹೆಸರಿನ ವಿಷಯಕ್ಕೆ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ. ಸುಶೀಲಾಗೆ 'ಗ್ರೇಸ್' ಅಂತ ಇಡುವ ಆಸೆ. ಹಾಗೆ ಕೂಗಿದರೆ ಹುಡುಗಿ ತಿರುಗಿಯೂ ನೋಡುತ್ತಿರಲಿಲ್ಲ. ಅವಳು ಬರುವಾಗ ಜೊತೆಗೆ ತಂದದ್ದು ಎರಡು ಫ್ರಾಕು, ಒಂದು ಹೆಸರು. ಫ್ರಾಕು ಈಗಲೇ ಗಿಡ್ಡವಾಗಿವೆ. ಬೇಕಾದರೆ ಗ್ರೇಸ್ ಜೊತೆಗಿರಲಿ, ಕರೆಯುವಾಗ ಲಕ್ಷ್ಮಿ ಅಂತಲೇ ಕರೆಯಿರಿ ಅಂದೆ. ಚರ್ಚಿನಲ್ಲಿ ಹೇಗೆ ಕರೆಯೋದು ಅಂತ ಅವರಿಗೆ ಮುಜುಗರ. ಕೊನೆಗೆ ಅದನ್ನು ಬಗೆಹರಿಸಿದ್ದು ಸಭಾಪಾಲಕರು, ಅಂದರೆ ಅವರ ಪಾಸ್ಟರು. ಮುಂದಿನ ಭಾನುವಾರ ಬಾಗಿಲಲ್ಲಿ ನಿಂತು "ಲಕ್ಷ್ಮೀ, ಬಾ ಒಳಗ" ಅಂತ ಎಲ್ಲರಿಗೂ ಕೇಳುವ ಹಾಗೆ ಕರೆದರಂತೆ.

ತಿಂಡಿ ಬಚ್ಚಿಡೋದಕ್ಕೆ ಬೈಯಬೇಡಿ, ಮಂಚದ ಪಕ್ಕ ಅವಳದೇ ಒಂದು ಡಬ್ಬಿ ಇಡಿ, ಖಾಲಿಯಾದರೆ ಕೇಳದೆ ತುಂಬಿ ಅಂತಲೂ ಹೇಳಿದ್ದೆ. ಮೊದಲ ವಾರ ಎರಡು ದಿನಕ್ಕೊಮ್ಮೆ ತುಂಬಬೇಕಾಯಿತು. ಕಳೆದ ತಿಂಗಳು ನೋಡಿದರೆ ಡಬ್ಬಿಗೆ ಇರುವೆ ಹತ್ತಿತ್ತಂತೆ. ಹಾಸಿಗೆ ಒದ್ದೆಯಾಗೋದು ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ.

ದೀಕ್ಷಾಸ್ನಾನಕ್ಕೆ ಅವಸರ ಮಾಡಬೇಡಿ, ಅವಳೇ ಕೇಳಲಿ ಅಂದಿದ್ದೆ. ಕೇಳಿದ್ದಾಳೆ. ಸಂಡೇ ಸ್ಕೂಲಿನ ಗೆಳತಿಗೆ ಅವತ್ತು ಬಿಳಿ ಲೇಸಿನ ಫ್ರಾಕು ಹೊಲಿಸಿದ್ದರಂತೆ, ಇವಳಿಗೂ ಅಂಥದ್ದೇ ಬೇಕಂತೆ. "ಇದನ್ನ ಕೇಳಿದ್ದು ಅಂತ ಲೆಕ್ಕಕ್ಕೆ ತಗೋಬಹುದಾ ಮೇಡಂ?" ಅಂದರು ಸುಶೀಲಾ. ನಿಮ್ಮ ಪಾಸ್ಟರನ್ನೇ ಕೇಳಿ, ನನ್ನ ಕೆಲಸ ಅಲ್ಲ ಅಂದೆ. ಫ್ರಾಕು ಮಾತ್ರ ಈಗಲೇ ಹೊಲಿಸಿಕೊಡಿ.